ಬೋಲ್ಟಿಗೆ ಕಟ್ಟುವ ತಂತಿ ಅವಮಾನವೇ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ನನ್ನಿಂದ ಭೌತಶಾಸ್ತ್ರ ಕಲಿತವನು. ಈಗ ರೇಸಿನ ಬೈಕುಗಳನ್ನು ಸಜ್ಜುಗೊಳಿಸುವ ಕೆಲಸದಲ್ಲಿ ಹೆಸರು ಮಾಡಿದ್ದಾನೆ. ಕಾಫಿ ಕುಡಿಯುತ್ತ, ರೇಸಿಗೆ ಮುನ್ನ ನಡೆಯುವ ತಪಾಸಣೆಯನ್ನು ಕುರಿತು ಬಹಳ ಹೊತ್ತು ಗೊಣಗಿದ. ಮುಂದಿನ ಬ್ರೇಕಿನ ಕ್ಯಾಲಿಪರನ್ನು ಫೋರ್ಕಿಗೆ ಬಿಗಿಯುವ ಬೋಲ್ಟುಗಳ ತಲೆಗೆ ತೂತು ಕೊರೆದು, ತಂತಿ ಹೆಣೆದಿರಲೇಬೇಕೆಂಬ ನಿಯಮವನ್ನು ಕಂಡರೆ ಅವನಿಗಾಗದು. “ಸಾರ್, ಟಾರ್ಕ್ ರೆಂಚ್ ಹಿಡಿದು ಸರಿಯಾಗಿ ಬಿಗಿದ ಬೋಲ್ಟು ಬಿಚ್ಚಿಕೊಳ್ಳುವುದಿಲ್ಲ. ನನಗೆ ಹದಿನೈದು ವರ್ಷದ ಅನುಭವವಿದೆ. ತಂತಿ ಕಟ್ಟು ಎಂದರೆ ನಿನ್ನ ಕೈಯನ್ನು ನಂಬುವುದಿಲ್ಲ ಎಂದ ಹಾಗೆ” ಎಂದ. ಮನೆಗೆ ಬಂದವನೊಡನೆ ವಾದಕ್ಕಿಳಿಯಬಾರದೆಂದು ಅಂದು ಸುಮ್ಮನಿದ್ದೆ. ಇಂದು ಸುಮ್ಮನಿರಲಾರೆ. ಅವನೂ ಈ ಪುಟವನ್ನು ಓದುತ್ತಾನೆಂದು ಬಲ್ಲೆ.

ಕಾಗದದ ತ್ರಿಕೋನವೊಂದನ್ನು ಪೆನ್ಸಿಲಿಗೆ ಸುತ್ತಿ, ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು ಎಂದು ತರಗತಿಯಲ್ಲಿ ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಅದು ಮತ್ತೆ ಕುಗ್ಗಲೆಳಸುವ ಬಲವೇ ಎರಡು ಭಾಗಗಳನ್ನು ಅದುಮಿ ಹಿಡಿಯುವುದು. ಆ ಇಳಿಜಾರಿನಲ್ಲಿ ಅದು ಹಿಂದಕ್ಕೆ ಜಾರದಂತೆ ತಡೆಯುವುದು ಘರ್ಷಣೆಯೊಂದೇ. ಬೋಲ್ಟನ್ನು ಉದ್ದಕ್ಕೆ ಜಗ್ಗುವ ಕಂಪನಕ್ಕಿಂತ ಅಡ್ಡಡ್ಡ ಅಲುಗಿಸುವ ಕಂಪನವೇ ಹೆಚ್ಚು ಅಪಾಯಕರವೆಂದು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರು 1969ರಲ್ಲಿ ತೋರಿಸಿಕೊಟ್ಟ. ಅಡ್ಡಕ್ಕೆ ಜಾರುವ ಆ ಕ್ಷಣದಲ್ಲಿ ಘರ್ಷಣೆಯ ಹಿಡಿತ ತಿರುಗುವ ದಿಕ್ಕಿನಲ್ಲೂ ತಪ್ಪುತ್ತದೆ. ಬೋಲ್ಟು ತಾನೇ ತಾನಾಗಿ ಕಳಚಿಕೊಳ್ಳತೊಡಗುತ್ತದೆ.

ಅದುಮುವ ಬಲ ಸಾಕಷ್ಟಿದ್ದರೆ ಜಾರುವಿಕೆಯೇ ಇಲ್ಲ, ಬಿಚ್ಚುವ ಮಾತೂ ಇಲ್ಲ ಎಂಬುದು ನಿಜ. ಅಷ್ಟರಮಟ್ಟಿಗೆ ನನ್ನ ಶಿಷ್ಯನದು ಸರಿ. ಆದರೆ ಅವನ ವಾದವೆಲ್ಲ ನಿಂತಿರುವುದು ‘ಸರಿಯಾಗಿ’ ಎಂಬ ಆ ಒಂದು ಪದದ ಮೇಲೆ.

ಆ ಬೋಲ್ಟುಗಳ ಮೇಲೆ ಬೀಳುವ ಬಲವೆಷ್ಟೆಂದು ಒಂದು ಲೆಕ್ಕ ಮಾಡೋಣ. ಬೈಕೂ ಸವಾರನೂ ಸೇರಿ 250 ಕಿಲೋಗ್ರಾಂ ಎನ್ನಿ. ಗುರುತ್ವ ವೇಗೋತ್ಕರ್ಷದಷ್ಟೇ ತೀವ್ರವಾಗಿ ಬ್ರೇಕು ಹಾಕಿದರೆ ಟಯರಿನ ಅಂಚಿನಲ್ಲಿ ಬೇಕಾಗುವ ಬಲ ಸುಮಾರು 2450 ನ್ಯೂಟನ್. ಹಾಗೆ ಬ್ರೇಕು ಹಾಕುವಾಗ ಹಿಂದಿನ ಚಕ್ರ ನೆಲ ಬಿಡುವಂತಿರುತ್ತದೆ. ಕೆಲಸವೆಲ್ಲ ಮುಂದಿನ ಚಕ್ರದ್ದೇ. ಚಕ್ರದ ತ್ರಿಜ್ಯ ಸುಮಾರು 30 ಸೆಂಟಿಮೀಟರ್; ಡಿಸ್ಕನ್ನು ಪ್ಯಾಡುಗಳು ಹಿಡಿಯುವುದು ಅದರ ಅರ್ಧ ದೂರದಲ್ಲಿ. ಆದ್ದರಿಂದ ಅಲ್ಲಿ ಬಲ ಇಮ್ಮಡಿಯಾಗುತ್ತದೆ. ಎರಡು ಕ್ಯಾಲಿಪರುಗಳಿಗೆ ಹಂಚಿದರೆ ತಲಾ ಮತ್ತೆ 2450 ನ್ಯೂಟನ್. ಎಂದರೆ ಬೈಕನ್ನೂ ಸವಾರನನ್ನೂ ಒಟ್ಟಾಗಿ ತೂಗುಹಾಕಿದಷ್ಟು ಭಾರ ಒಂದೊಂದು ಕ್ಯಾಲಿಪರಿನ ಮೇಲೆ, ಅದೂ ಬೋಲ್ಟುಗಳಿಗೆ ಅಡ್ಡಲಾಗಿ, ತಿರುವು ತಿರುವಿಗೂ! ಇದನ್ನು ತಡೆಯಲು ಪ್ರತಿ ಕ್ಯಾಲಿಪರಿಗೂ ಇರುವುದು ಎರಡೇ ಬೋಲ್ಟು. ಒಂದು ಉದುರಿದರೆ ಕ್ಯಾಲಿಪರು ಮತ್ತೊಂದರ ಸುತ್ತ ತಿರುಗಿ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಸವಾರ ಒಂದು ಸೆಕೆಂಡಿಗೆ 55 ಮೀಟರ್ ಮುಂದೆ ಹೋಗಿರುತ್ತಾನೆ. ಅವನಿಗೆ ಯೋಚಿಸಲು ಅವಕಾಶವೆಲ್ಲಿ?

ಇನ್ನು ಆ ‘ಸರಿಯಾಗಿ’ಯ ವಿಚಾರ. ಎರಡು ಡಿಸ್ಕುಗಳಿರುವ ಹೆಚ್ಚಿನ ಬೈಕುಗಳಲ್ಲಿ ಮುಂದಿನ ಚಕ್ರವನ್ನು ಹೊರತೆಗೆಯಬೇಕಾದರೆ ಕ್ಯಾಲಿಪರುಗಳನ್ನು ಬಿಚ್ಚಲೇಬೇಕು. ಅಭ್ಯಾಸದ ಓಟ ಮುಗಿದು ರೇಸು ಆರಂಭವಾಗುವುದರೊಳಗೆ ಟಯರು ಬದಲಿಸುವುದು ಸಾಮಾನ್ಯ. ಮೋಡ ಕವಿದರಂತೂ ಮಳೆಯ ಟಯರು ಹಾಕುವುದೋ ಬೇಡವೋ ಎಂಬ ಗಡಿಬಿಡಿ. ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿ ಕೂರಿಸಿದ್ದಾಯಿತು; ಅಷ್ಟರಲ್ಲಿ ಯಾರೋ ಕೂಗಿ ಕರೆದರು; ಹೋಗಿ ಬಂದವನು ಬಿಗಿದಾಗಿದೆ ಎಂದುಕೊಂಡ. ಟಾರ್ಕ್ ರೆಂಚು ಪೆಟ್ಟಿಗೆಯಲ್ಲೇ ಉಳಿಯಿತು. ಹದಿನೈದು ವರ್ಷದ ಅನುಭವ ಇದಕ್ಕೆ ಮದ್ದಲ್ಲ. ಅನುಭವಸ್ಥನ ಕೈ ತಾನಾಗಿ ಕೆಲಸ ಮಾಡುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಮರೆಯುವವರಲ್ಲಿ ಅವನೇ ಮುಂದು.

ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಮಾಡಿದವನಾದ್ದರಿಂದ ಹೇಳುತ್ತಿದ್ದೇನೆ. ಹೆಚ್ಚುವರಿ ಹಾಳೆಗಳನ್ನು ದಾರದಿಂದ ಕಟ್ಟದೆ ಎದ್ದುಬಿಡುತ್ತಿದ್ದವರು ದಡ್ಡ ಹುಡುಗರಲ್ಲ. ಅವರು ಹೆಚ್ಚುವರಿ ಹಾಳೆ ಕೇಳುತ್ತಲೇ ಇರಲಿಲ್ಲ! ಕೊನೆಯ ಗಂಟೆ ಬಾರಿಸುವವರೆಗೂ ಬರೆಯುತ್ತಿದ್ದ ಜಾಣರೇ ಮರೆಯುತ್ತಿದ್ದರು. ಉತ್ತರ ಪತ್ರಿಕೆ ತೆಗೆದುಕೊಳ್ಳುವಾಗ ನಾನು ನೋಡುತ್ತಿದ್ದುದು ಉತ್ತರವನ್ನಲ್ಲ, ದಾರವನ್ನು. ದಾರ ನೋಡಿದರೆಂದು ಯಾವ ವಿದ್ಯಾರ್ಥಿಯೂ ಅವಮಾನಪಟ್ಟುಕೊಂಡದ್ದು ನನಗೆ ನೆನಪಿಲ್ಲ.

ತಂತಿಯ ಮುಖ್ಯ ಉಪಕಾರವೂ ಅದೇ. ಬೋಲ್ಟು ಬಿಗಿಯಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ತಂತಿ ಇದೆಯೋ ಇಲ್ಲವೋ ಕಾಣುತ್ತದೆ. ತಿರುಪಿಗೆ ಅಂಟು ಹಚ್ಚಿದರೆ ಸಾಲದೇ ಎನ್ನುವವರಿದ್ದಾರೆ. ಹಚ್ಚಿದ ಅಂಟನ್ನು ತಪಾಸಕನು ನೋಡುವುದು ಹೇಗೆ? ಅಮೆರಿಕ, ಬ್ರಿಟನ್ನುಗಳ ಅನೇಕ ಕ್ಲಬ್ ರೇಸುಗಳ ನಿಯಮಗಳು ಈ ಪದ್ಧತಿಯನ್ನು ಕಡ್ಡಾಯ ಮಾಡಿರುವುದು ಮೆಕ್ಯಾನಿಕರನ್ನು ಹೀಯಾಳಿಸುವುದಕ್ಕಲ್ಲ. ವಿಮಾನದ ಎಂಜಿನುಗಳಲ್ಲಿಯೂ ಇದೇ ತಂತಿಯಿದೆ; ಅಲ್ಲಿ ಯಾರೂ ಮುಖ ಊದಿಸಿಕೊಂಡಿಲ್ಲ.

ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ತಂತಿ ಬೋಲ್ಟನ್ನು ಬಿಗಿಯುವುದಿಲ್ಲ. ತಂತಿಯಿದ್ದೂ ಬಿಗಿ ಸಡಿಲವಾಗಬಹುದು. ಬೋಲ್ಟು ಪೂರ್ತಿ ತಿರುಗಿ ಉದುರದಂತೆ ಅದು ತಡೆಯುತ್ತದೆ, ಅಷ್ಟೇ. ಅದೂ ಕ್ರಮವಾಗಿ ಕಟ್ಟಿದ್ದರೆ ಮಾತ್ರ. ಸಾಮಾನ್ಯವಾಗಿ 0.8 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿ, ಒಂದು ಅಂಗುಲಕ್ಕೆ ಆರರಿಂದ ಎಂಟು ಹೊಸೆತ. ಒಂದು ಬೋಲ್ಟು ಬಿಚ್ಚಿಕೊಳ್ಳಲು ಹೊರಟರೆ ತಂತಿ ಮತ್ತೊಂದನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತಿರಬೇಕು. ತಿರುಗುಮುರುಗಾಗಿ ಕಟ್ಟಿದ ತಂತಿ ಬರಿಯ ಅಲಂಕಾರ. ತಂತಿಯಿಲ್ಲದ್ದಕ್ಕಿಂತಲೂ ಕೇಡು, ನೋಡಿದವರಿಗೆ ಸುಳ್ಳು ನೆಮ್ಮದಿ ಕೊಡುತ್ತದೆ. ಬಿಚ್ಚಿದ ತಂತಿಯನ್ನು ಮತ್ತೆ ಬಳಸುವಂತಿಲ್ಲ. ಬೋಲ್ಟಿನ ತಲೆಯನ್ನು ಅಡ್ಡಾದಿಡ್ಡಿ ಕೊರೆದು ಅದನ್ನೇ ದುರ್ಬಲಗೊಳಿಸುವವರೂ ಇದ್ದಾರೆ. ಟಿಕ್ ಗುರುತು ಹಾಕಿ ಮುಂದೆ ಸಾಗುವ ತಪಾಸಕರನ್ನು ನನ್ನ ಶಿಷ್ಯ ಬೈದಿದ್ದರೆ ನಾನೂ ದನಿಗೂಡಿಸುತ್ತಿದ್ದೆ. ಅವನು ಬೈದದ್ದು ನಿಯಮವನ್ನು.

2020ರ ಆಗಸ್ಟ್ 23ರಂದು ಆಸ್ಟ್ರಿಯಾದ ರೆಡ್ ಬುಲ್ ರಿಂಗ್‌ನಲ್ಲಿ ಮೋಟೋಜಿಪಿ ಸವಾರ ಮ್ಯಾವರಿಕ್ ವಿನ್ಯಾಲೆಸ್ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬೈಕಿನಿಂದ ಹಾರಿಕೊಂಡ. ಬೈಕು ತಡೆಗೋಡೆಗೆ ಬಡಿದು ಹೊತ್ತಿ ಉರಿಯಿತು. ಅಲ್ಲಿ ತಪ್ಪು ಬೋಲ್ಟಿನದಲ್ಲ. ಮಿತಿಮೀರಿ ಕಾದ ಬ್ರೇಕು ಕೈಕೊಟ್ಟಿತ್ತು. ಮುಂದಿನ ಬ್ರೇಕು ಇಲ್ಲವಾದಾಗ ಜಗತ್ತಿನ ಅತ್ಯುತ್ತಮ ಸವಾರರಲ್ಲೊಬ್ಬನಿಗೂ ಉಳಿದ ದಾರಿ ಯಾವುದೆಂಬುದನ್ನು ನೋಡಲು ಆ ಚಿತ್ರವೊಂದು ಸಾಕು.

ನನ್ನ ಶಿಷ್ಯ ಬಿಗಿಯುವ ಬೈಕನ್ನು ಅವನೇ ಓಡಿಸುವುದಿಲ್ಲ. ಕೈ ಅವನದು, ಕತ್ತು ಇನ್ನೊಬ್ಬನದು; ಹಿಂದೆಯೇ ಬರುವ ಸವಾರರ ಕತ್ತುಗಳೂ ಸೇರಿ. ಒಂದು ಜೊತೆ ಬೋಲ್ಟಿಗೆ ಐದು ನಿಮಿಷದ ಕೆಲಸವಿದು. ಮುಂದಿನ ಸಲ ಬರುವಾಗ ತೂತು ಕೊರೆದ ಎರಡು ಬೋಲ್ಟು, ಒಂದು ಮೊಳ ತಂತಿ, ಒಂದು ಇಕ್ಕಳ ತಾ ಎಂದು ಅವನಿಗೆ ಹೇಳಿಕಳಿಸಿದ್ದೇನೆ. ನನ್ನ ಮೇಜಿನ ಮೇಲೆಯೇ ಕಟ್ಟಿ ತೋರಿಸಲಿ, ದಿಕ್ಕು ಸರಿಯಿದೆಯೇ ನೋಡುತ್ತೇನೆ.