ಗುಡ್ಡದ ಬೆಂಕಿಯೂ ಮಳೆಗಾಲದ ಮಣ್ಣೂ

ಉರಿದ ಗುಡ್ಡವು ಮಳೆ ಬಿದ್ದೊಡನೆ ಕೆಸರಾಗಿ ಇಳಿದುಬರುವುದುಂಟು. ಅಮೇರಿಕೆಯ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ 2017ರ ಡಿಸೆಂಬರಿನಲ್ಲಿ ಎದ್ದ ಥಾಮಸ್ ಕಾಳ್ಗಿಚ್ಚು 2 ಲಕ್ಷ 80 ಸಾವಿರ ಎಕರೆಗೂ ಮಿಕ್ಕಿದ ನೆಲವನ್ನು ಸುಟ್ಟಿತು. 2018ರ ಜನವರಿ 9ರ ನಸುಕಿನ ಬಿರುಮಳೆಗೆ ಮಾಂಟೆಸಿಟೊ ಎಂಬ ಸಿರಿವಂತರ ಊರಿನ ಮೇಲೆ ಕೆಸರೂ ಬಂಡೆಗಳೂ ಧುಮುಕಿ 23 ಮಂದಿ ಅಸುನೀಗಿದರು. ಮಣ್ಣನ್ನು ಹಿಡಿದಿಟ್ಟ ಹಸುರು ಬೂದಿಯಾಗಿತ್ತು. ಸುಟ್ಟ ಗಿಡಗಳ ಮೇಣದಂಶ ನೆಲಕ್ಕಿಳಿದು, ಮಣ್ಣು ನೀರನ್ನು ಹೀರಲೊಲ್ಲದಾಗಿತ್ತು.

ಸಾಗರದಾಚೆಯ ಈ ವಾರ್ತೆ ಮುಂಬಯಿಯ ಮಾಣಿಗೇಕೆ, ಗುಮಾಸ್ತನಿಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಗುಡ್ಡಗಳಿಗೂ ಬೆಂಕಿ ಬೀಳುತ್ತದೆ. 2018ರ ಡಿಸೆಂಬರ್ 3ರ ಸಂಜೆ ಗೋರೆಗಾಂವದ ದಿಂಡೋಶಿ ಬಳಿಯ ಕಾಡು ಗಂಟೆಗಟ್ಟಲೆ ಉರಿಯಿತು. ಮರುವರ್ಷದ ಜುಲೈ 2ರ ನಸುಕಿನಲ್ಲಿ, ಅದರ ನೆರೆಯ ಮಲಾಡದ ಪಿಂಪ್ರಿಪಾಡಾದಲ್ಲಿ, ನೀರಿನ ಒತ್ತಡಕ್ಕೆ ಜಲಾಶಯದ ಆವರಣಗೋಡೆ ಉರುಳಿ ಸುಮಾರು 30 ಮಂದಿ ಮಡಿದರು. ಆ ಬೆಂಕಿಯೇ ಈ ದುರಂತಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೆಂಕಿ ಮಾಡಿದ ಕೆಲಸವನ್ನು ಮುಂಬಯಿಯಲ್ಲಿ ಹೆಚ್ಚಾಗಿ ಗುದ್ದಲಿಯೂ ಕಲ್ಲುಗಣಿಯೂ ಮಾಡಿವೆ. ಬೋಳಾದ ಇಳಿಜಾರಿಗೆ ತನ್ನನ್ನು ಬೋಳಿಸಿದವರಾರೆಂಬ ಭೇದವಿಲ್ಲ.

2000ದ ಜುಲೈ 12ರಂದು ಘಾಟ್ಕೋಪರದ ಆಜಾದ ನಗರದಲ್ಲಿ ಗುಡ್ಡ ಕುಸಿದು 60ಕ್ಕೂ ಹೆಚ್ಚು ಜನ ಸತ್ತರು. 2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ಸಾಕಿನಾಕೆಯ ಗುಡ್ಡ ಕುಸಿಯಿತು. 2021ರ ಜುಲೈ 18ರ ನಸುಕಿನಲ್ಲಿ ಚೆಂಬೂರಿನಲ್ಲಿಯೂ ವಿಕ್ರೋಳಿಯಲ್ಲಿಯೂ ಮನೆಗಳು ನೆಲಸಮವಾದವು. ನಮ್ಮವರು ಊರಿಗೆ ಹೋಗುವ ಹೆದ್ದಾರಿಯಲ್ಲಿಯೇ, ಅಂಕೋಲೆಯ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡವು ಚಹಾದಂಗಡಿಯೊಂದನ್ನು ಅದನ್ನು ನಡೆಸುತ್ತಿದ್ದ ಕುಟುಂಬದೊಡನೆ ನುಂಗಿತು.

ಮಳೆಗಾಲಕ್ಕೆ ಮುನ್ನ ಗುಡ್ಡದ ಮೇಲಿನವರಿಗೆ ‘ಜಾಗ ತೆರವು ಮಾಡಿರಿ’ ಎಂದು ನೋಟೀಸು ಕೊಡುವುದು ಅಧಿಕಾರಿಗಳ ವಾಡಿಕೆ. ಮಾಂಟೆಸಿಟೊದಲ್ಲಿಯೂ ಮುನ್ನೆಚ್ಚರಿಕೆಯಿತ್ತು. ಅಲ್ಲಿ ಮೋಟಾರುಳ್ಳವರೇ ಅನೇಕರು ಮನೆ ಬಿಡಲಿಲ್ಲ. ಹೀಗಿರಲು, ಖೋಲಿಯೊಂದೇ ಆಸ್ತಿಯಾಗಿರುವ ನಮ್ಮ ಕೆಲಸಗಾರನು ಹೆಂಡತಿ ಮಕ್ಕಳೊಡನೆ ಎಲ್ಲಿಗೆ ಹೋಗಬೇಕು? ಹೋಗುವ ಜಾಗವನ್ನು ತೋರಿಸದ ನೋಟೀಸು ಅಧಿಕಾರಿಯ ತಲೆಯನ್ನು ಕಾಯಬಹುದೇ ಹೊರತು ಬಡವನ ತಲೆಯನ್ನಲ್ಲ. ತಡೆಗೋಡೆಯೂ ಪೂರ್ಣ ಪರಿಹಾರವಲ್ಲ. ಹಿಂದಿನ ನೀರಿಗೆ ದಾರಿಯಿಲ್ಲದಿದ್ದರೆ ಕಾಯುವ ಗೋಡೆಯೇ ಕೊಲ್ಲುತ್ತದೆಂಬುದಕ್ಕೆ ಮಲಾಡವೇ ಸಾಕ್ಷಿ.

ಆದುದರಿಂದ, ದುಡಿಮೆಯ ಸ್ಥಳಕ್ಕೆ ಸಮೀಪದಲ್ಲಿ ಪುನರ್ವಸತಿ, ಅದಾಗುವ ತನಕ ಮಳೆಗಾಲಕ್ಕೆ ತಾತ್ಕಾಲಿಕ ವಸತಿ, ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾವಲು—ಇವಿಷ್ಟು ಸರಕಾರದ ಕರ್ತವ್ಯವೆಂದು ನಾವು ಒತ್ತಿ ಹೇಳುತ್ತೇವೆ. ಹೊಟೇಲು ಧಣಿಗಳಲ್ಲಿಯೂ ನಮ್ಮದೊಂದು ವಿನಂತಿಯಿದೆ. ಹವಾಮಾನ ಇಲಾಖೆಯು ಕೆಂಪು ಎಚ್ಚರಿಕೆ ಕೊಟ್ಟ ರಾತ್ರಿ, ಗಿರಾಕಿಗಳು ಎದ್ದುಹೋದ ಮೇಲೆ, ಗುಡ್ಡದ ಮೇಲೆ ವಾಸಿಸುವ ಕೆಲಸಗಾರರ ಸಂಸಾರಗಳಿಗೆ ತಮ್ಮ ಹೊಟೇಲಿನ ಬಾಗಿಲನ್ನು ತೆರೆದಿಡಲಿ. ಮೇಜುಗಳನ್ನು ಬದಿಗೆ ಸರಿಸಿದರೆ ಹತ್ತು ಚಾಪೆಗೆ ಜಾಗವಾಗುತ್ತದೆ. ಕೆಲಸಗಾರ ಬಂಧುಗಳೇ, ಗೋಡೆ ಉಬ್ಬಿದರೆ, ನೆಲ ಬಿರಿದರೆ, ಕಂಬ ವಾಲಿದರೆ, ಗುಡ್ಡದ ನೀರು ಹಠಾತ್ತನೆ ಕದಡಿ ಬಂದರೆ ಪಾತ್ರೆ ಪಡಗಗಳನ್ನು ಲೆಕ್ಕಿಸದೆ ಒಡನೆಯೇ ಹೊರಬೀಳಿರಿ. ಪಾತ್ರೆಗಳನ್ನು ಮತ್ತೆ ಕೊಳ್ಳಬಹುದು.