ವಿದೇಶದಿಂದ ಕಳುಹಿಸುವ ಇ-ಮೇಲ್ ಮತ್ತು ಸಂಸ್ಥೆಯ ಹೊಣೆ

ವ್ಯಾಪಾರ ನಿಮಿತ್ತ ವಿದೇಶ ಪ್ರವಾಸ ಕೈಗೊಳ್ಳುವುದು ಈಗ ದೊಡ್ಡ ಉದ್ಯಮಗಳಿಗೆ ಮಾತ್ರ ಮೀಸಲಾದ ವಿಷಯವಾಗಿ ಉಳಿದಿಲ್ಲ. ಚೀನಾದ ಗುವಾಂಗ್‌ಝೌ ನಗರದಲ್ಲಿ 1957ರಿಂದ ನಡೆದುಬಂದಿರುವ ಕ್ಯಾಂಟನ್ ಮೇಳಕ್ಕೆ ಹೋಗಿಬರುವ ಸಣ್ಣ ಆಮದುದಾರರೂ, ಜರ್ಮನಿಯ ಮೇಳಗಳಿಗೆ ತೆರಳುವ ಬಿಡಿಭಾಗ ತಯಾರಕರೂ ನಮ್ಮ ವರ್ತಕ ಬಾಂಧವರಲ್ಲಿ ಇದ್ದಾರೆ. ಟಿಕೆಟ್, ವೀಸಾ, ವಿಮೆ, ವಿದೇಶಿ ವಿನಿಮಯ ಇವುಗಳಿಗಾಗಿ ವಾರಗಟ್ಟಲೆ ಸಿದ್ಧತೆ ನಡೆಯುತ್ತದೆ. ಆದರೆ ದರ ಒಪ್ಪುವುದು, ಆದೇಶ ನೀಡುವುದು, ಪಾವತಿಗೆ ಸೂಚಿಸುವುದು ಎಲ್ಲವೂ ಲ್ಯಾಪ್‌ಟಾಪ್‌ನಿಂದ ಹೋಗುವ ಇ-ಮೇಲ್ ಮೂಲಕವೇ ನಡೆಯಬೇಕಾಗಿದ್ದರೂ, ಆ ಇ-ಮೇಲ್ ಪರದೇಶದ ಹೋಟೆಲಿನಿಂದ ಹೊರಹೋಗುವುದೇ ಎಂದು ಮುಂಚಿತವಾಗಿ ವಿಚಾರಿಸುವವರು ವಿರಳ. ಅದು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ಕೆಲಸವೆಂದು ಮಾಲೀಕರು ಭಾವಿಸುತ್ತಾರೆ. ಇದು ಮಾಲೀಕರದೇ ಕೆಲಸವೆಂದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ತಂತ್ರಜ್ಞಾನಕ್ಕಿಂತ ಕಾನೂನಿನ ಹೊಣೆ ದೊಡ್ಡದು.

ವಾಣಿಜ್ಯ ಪದವಿಗೆ ಓದಿದವರಿಗೆ ಭಗವಾನ್‌ದಾಸ್ ಕೇಡಿಯಾ ಪ್ರಕರಣ ನೆನಪಿರಬಹುದು. ಅಹಮದಾಬಾದ್ ಮತ್ತು ಖಾಮಗಾಂವ್ ನಡುವೆ ದೂರವಾಣಿಯಲ್ಲಿ ಕುದುರಿದ ವ್ಯವಹಾರದಲ್ಲಿ, ಅಂಗೀಕಾರದ ಮಾತು ಕೇಳಿಸಿದ ಸ್ಥಳದಲ್ಲಿಯೇ ಒಪ್ಪಂದ ಏರ್ಪಟ್ಟಿತೆಂದು ಸರ್ವೋಚ್ಚ ನ್ಯಾಯಾಲಯ 1965ರಲ್ಲಿ ತೀರ್ಮಾನಿಸಿತು. ಅಂಚೆಯ ಕಾಗದಕ್ಕೆ ಬೇರೆ ನಿಯಮ. ಅಂಗೀಕಾರದ ಪತ್ರವನ್ನು ಅಂಚೆಗೆ ಹಾಕಿದೊಡನೆ ಪ್ರಸ್ತಾಪ ಮಾಡಿದವನು ಬದ್ಧನಾಗುತ್ತಾನೆ. ಇ-ಮೇಲ್ ಬಂದಾಗ ಅದನ್ನು ಅಂಚೆಯ ಸಾಲಿಗೆ ಸೇರಿಸಬೇಕೋ ದೂರವಾಣಿಯ ಸಾಲಿಗೋ ಎಂಬ ಜಿಜ್ಞಾಸೆ ಸಹಜವಾಗಿಯೇ ಹುಟ್ಟಿತು. ರವಾನೆ ಮತ್ತು ಸ್ವೀಕೃತಿಯ ಕಾಲ, ಸ್ಥಳಗಳ ಮಟ್ಟಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಕಲಂ ಉತ್ತರ ನೀಡಿದೆ. ವಿದೇಶಕ್ಕೆ ಹೋಗುವ ಪ್ರತಿಯೊಬ್ಬ ವರ್ತಕರೂ ಆ ಒಂದು ಕಲಮನ್ನಾದರೂ ಓದಿಕೊಂಡು ಹೋಗುವುದು ಲೇಸು.

ಆ ಕಲಮಿನ ಪ್ರಕಾರ, ಉಭಯ ಪಕ್ಷಗಳು ಬೇರೆ ರೀತಿ ಒಪ್ಪಿಕೊಂಡಿಲ್ಲದಿದ್ದರೆ, ವಿದ್ಯುನ್ಮಾನ ದಾಖಲೆಯು ಕಳುಹಿಸುವವನ ನಿಯಂತ್ರಣದಲ್ಲಿಲ್ಲದ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸಿದಾಗ ಮಾತ್ರ ರವಾನೆಯಾದಂತೆ. ಎಂದರೆ, ‘ಸೆಂಡ್’ ಗುಂಡಿ ಒತ್ತಿದರೂ ಔಟ್‌ಬಾಕ್ಸ್‌ನಲ್ಲಿಯೇ ಕುಳಿತ ಪತ್ರ ರವಾನೆಯಾಗಿಲ್ಲ. ಮೂವತ್ತನೇ ತಾರೀಖಿನವರೆಗೆ ಮಾತ್ರ ಊರ್ಜಿತವಾಗಿರುವ ದರಪಟ್ಟಿಯೊಂದಕ್ಕೆ ನಮ್ಮವರೊಬ್ಬರು ಇಪ್ಪತ್ತೊಂಬತ್ತರ ರಾತ್ರಿ ಹೋಟೆಲಿನ ಕೋಣೆಯಿಂದ ಒಪ್ಪಿಗೆ ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಮರುದಿನ ಬೆಳಿಗ್ಗೆ ವಿಮಾನ ಹತ್ತಿದರೆಂದು ಭಾವಿಸೋಣ. ಹೋಟೆಲಿನ ಜಾಲದ ಮೂಲಕ ಪತ್ರ ಹೊರಬೀಳಲಿಲ್ಲ. ಊರಿಗೆ ಬಂದು ಕಚೇರಿಯಲ್ಲಿ ಯಂತ್ರ ತೆರೆದಾಗ ತಾನಾಗಿಯೇ ಹೋಯಿತು. ಅಷ್ಟರಲ್ಲಿ ದರದ ಅವಧಿ ಮುಗಿದಿರುತ್ತದೆ. ಪತ್ರದಲ್ಲಿ ಇಪ್ಪತ್ತೊಂಬತ್ತನೆಯ ತಾರೀಖು ಬರೆದಿದೆ ಎಂಬ ವಾದ ನಿಲ್ಲುವುದಿಲ್ಲ.

ಹೋಟೆಲಿನಲ್ಲಿ ಪತ್ರಗಳು ಬರುತ್ತವೆ, ಆದರೆ ಹೋಗುವುದಿಲ್ಲ ಎಂಬ ದೂರು ಹಳೆಯದು. ಲ್ಯಾಪ್‌ಟಾಪ್‌ನ ಮೇಲ್ ತಂತ್ರಾಂಶದಲ್ಲಿ ಪತ್ರ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಹಿಂದೆ ಇಂಟರ್ನೆಟ್ ಸೇವೆ ಒದಗಿಸುವ ಕಂಪನಿಗಳು ತಮ್ಮದೇ ಜಾಲದಲ್ಲಿದ್ದ ಗ್ರಾಹಕರ ಪತ್ರಗಳನ್ನು ಮಾತ್ರ ಮುಂದಕ್ಕೆ ಸಾಗಿಸುತ್ತಿದ್ದವು. ಆದ್ದರಿಂದ ಗ್ರಾಹಕನು ಬೇರೆ ದೇಶದ ಜಾಲ ಸೇರಿದಾಗ ಅವನ ಪತ್ರ ತಿರಸ್ಕೃತವಾಗುತ್ತಿತ್ತು. ಇಂದಿಗೂ ಅನೇಕ ಹೋಟೆಲುಗಳು ಮತ್ತು ಸೇವಾ ಕಂಪನಿಗಳು ಕಸದ ಪತ್ರಗಳ ಹಾವಳಿ ತಡೆಯಲು 25ನೇ ಸಂಖ್ಯೆಯ ಪೋರ್ಟನ್ನು ಮುಚ್ಚಿರುತ್ತವೆ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕೇಳಿಯೇ ಪತ್ರ ಸ್ವೀಕರಿಸುವ 587 ಅಥವಾ 465ನೇ ಪೋರ್ಟಿಗೆ ತಂತ್ರಾಂಶವನ್ನು ಹೊಂದಿಸಿದರೆ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಕಚೇರಿಯಲ್ಲಿ ವರ್ಷಗಳ ಹಿಂದೆ ಯಾರೋ ಹೊಂದಿಸಿಕೊಟ್ಟ ಹಳೆಯ ಲ್ಯಾಪ್‌ಟಾಪನ್ನೇ ಹಿಡಿದು ಹೊರಡುವವರು ಇದನ್ನು ಒಮ್ಮೆ ಪರಿಶೀಲಿಸಬೇಕು. ಹತ್ತು ನಿಮಿಷದ ಕೆಲಸ.

ಚೀನಾದ ವಿಷಯ ಪ್ರತ್ಯೇಕ. ಅಲ್ಲಿ 2014ರ ಡಿಸೆಂಬರ್ ಅಂತ್ಯದಿಂದ ಜಿಮೇಲ್‌ಗೆ ತಂತ್ರಾಂಶದ ಮೂಲಕ ತಲುಪುವ ದಾರಿಯೂ ಮುಚ್ಚಿದೆ. ಭಾರತದ ಸಿಮ್ ಕಾರ್ಡನ್ನೇ ರೋಮಿಂಗ್‌ನಲ್ಲಿ ಬಳಸಿ, ಮೊಬೈಲಿನಿಂದ ಲ್ಯಾಪ್‌ಟಾಪ್‌ಗೆ ಸಂಪರ್ಕ ನೀಡಿದರೆ, ಮಾಹಿತಿಯು ಸಾಮಾನ್ಯವಾಗಿ ನಮ್ಮ ದೇಶದ ಜಾಲದ ಮೂಲಕವೇ ಸಾಗುವುದರಿಂದ ಕೆಲಸ ನಡೆಯುತ್ತದೆ. ಖರ್ಚು ಉಳಿಸಲೆಂದು ಅಲ್ಲಿಯ ಸಿಮ್ ಹಾಕಿಕೊಂಡು ನಮ್ಮದನ್ನು ಮನೆಯ ಬೀರುವಿನಲ್ಲಿ ಇಟ್ಟು ಹೋದವರಿಗೆ ಇನ್ನೊಂದು ಸಂಕಟವೂ ಕಾದಿರುತ್ತದೆ. ಹೊಸ ದೇಶದಿಂದ ಖಾತೆ ತೆರೆಯಲು ಯತ್ನಿಸಿದೊಡನೆ ಮೇಲ್ ಸೇವೆಯವರು ದೃಢೀಕರಣ ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆ ಬೀರುವಿನಲ್ಲಿರುವ ಸಿಮ್‌ಗೆ ಬರುತ್ತದೆ.

ಇಂತಹ ಇಕ್ಕಟ್ಟಿನಲ್ಲಿ ಸಾಮಾನ್ಯವಾಗಿ ಹಿಡಿಯುವ ಅಡ್ಡದಾರಿಯೆಂದರೆ, ಕೈಗೆ ಸಿಕ್ಕ ಬೇರೊಂದು ವೈಯಕ್ತಿಕ ವಿಳಾಸದಿಂದಲೋ ಪರಿಚಿತರ ಯಂತ್ರದಿಂದಲೋ ಪತ್ರ ಕಳುಹಿಸಿಬಿಡುವುದು. ಇದನ್ನು ನಾನು ಒಪ್ಪುವುದಿಲ್ಲ. ಎಲ್ಲಿಂದ ಕಳುಹಿಸಿದರೂ, ರವಾನೆಯು ಕಳುಹಿಸಿದವನ ವ್ಯವಹಾರ ಸ್ಥಳದಿಂದಲೇ ಆಯಿತೆಂದು 13ನೇ ಕಲಂ ಭಾವಿಸುತ್ತದೆ. ಒಂದಕ್ಕಿಂತ ಹೆಚ್ಚು ವ್ಯವಹಾರ ಸ್ಥಳಗಳಿದ್ದರೆ ಪ್ರಧಾನ ಸ್ಥಳವೇ ಲೆಕ್ಕ. ಲ್ಯಾಪ್‌ಟಾಪ್ ಶಾಂಘೈನಲ್ಲಿರಲಿ, ದುಬೈನಲ್ಲಿರಲಿ, ಹುಬ್ಬಳ್ಳಿಯ ಸಂಸ್ಥೆಯ ಪತ್ರ ಹುಬ್ಬಳ್ಳಿಯದೇ. ವಿವಾದ ಬಂದಾಗ ಯಾವ ಊರಿನ ನ್ಯಾಯಾಲಯ ಎಂಬ ಪ್ರಶ್ನೆಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಪತ್ರ ನಮ್ಮ ಸಂಸ್ಥೆಯದೆಂದು ಮೊದಲು ಸ್ಥಾಪಿತವಾಗಬೇಕಲ್ಲವೇ? ಸಂಸ್ಥೆಯ ಅಧಿಕೃತ ವಿಳಾಸದಿಂದ ಹೋದ ಪತ್ರಕ್ಕೆ ಆ ಕಷ್ಟವಿಲ್ಲ. ಆದೇಶ ಪತ್ರದಲ್ಲಿಯೇ ನಮ್ಮ ಇ-ಮೇಲ್ ವಿಳಾಸ ಇಂತಹುದೆಂದು ನಮೂದಿಸಿದ್ದರೆ ಮತ್ತೂ ಒಳ್ಳೆಯದು. ಗೊತ್ತುಪಡಿಸಿದ ವಿಳಾಸವನ್ನು ಪತ್ರ ಪ್ರವೇಶಿಸಿದಾಗಲೇ ಸ್ವೀಕೃತಿಯಾಯಿತೆಂದೂ, ಬೇರೆ ವಿಳಾಸಕ್ಕೆ ಹೋದರೆ ಸ್ವೀಕರಿಸುವವನು ಅದನ್ನು ತೆರೆದು ಪಡೆದಾಗ ಮಾತ್ರವೆಂದೂ ಅದೇ ಕಲಂ ಹೇಳುತ್ತದೆ. ವಿದೇಶಿ ಕಾನೂನು ಅನ್ವಯಿಸುವುದೆಂದು ಒಪ್ಪಂದದಲ್ಲಿ ಬರೆದಿದ್ದರೆ ಲೆಕ್ಕಾಚಾರ ಬೇರೆಯಾಗುತ್ತದೆ. ಆ ವಾಕ್ಯ ಸಾಮಾನ್ಯವಾಗಿ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿರುತ್ತದೆ.

ಇ-ಮೇಲ್‌ನಲ್ಲಿ ಒಪ್ಪಿದ್ದು ಬರೀ ಮಾತುಕತೆ, ಸಹಿ ಹಾಕಿದ ಕಾಗದವೇ ಒಪ್ಪಂದ ಎಂಬ ನಂಬಿಕೆ ಇನ್ನೂ ಅನೇಕರಲ್ಲಿದೆ. ದುಬೈನ ಟ್ರೈಮೆಕ್ಸ್ ಸಂಸ್ಥೆ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣವನ್ನು ಅವರು ಗಮನಿಸಬೇಕು. 2007ರ ಅಕ್ಟೋಬರ್‌ನಲ್ಲಿ ಐದು ಹಡಗು ಬಾಕ್ಸೈಟ್ ಪೂರೈಕೆಯ ಪ್ರಸ್ತಾಪ ಹಾಗೂ ಅಂಗೀಕಾರಗಳು ಇ-ಮೇಲ್ ಮೂಲಕ ನಡೆದವು. ವಿಧಿವತ್ತಾದ ಕರಾರು ಪತ್ರಕ್ಕೆ ಸಹಿ ಬಿದ್ದಿರಲಿಲ್ಲ. ಆದರೂ ಒಪ್ಪಂದ ಪೂರ್ಣಗೊಂಡಿದೆಯೆಂದು ಸರ್ವೋಚ್ಚ ನ್ಯಾಯಾಲಯ 2010ರ ಜನವರಿಯಲ್ಲಿ ತೀರ್ಪಿತ್ತಿತು. ದಣಿವಿನಲ್ಲಿ ಹೋಟೆಲಿನಿಂದ ಬರೆದ ‘ಕನ್‌ಫರ್ಮ್ಡ್’ ಎಂಬ ಒಂದೇ ಪದಕ್ಕೂ ಈ ತೂಕ ಬರಬಹುದು.

ಇನ್ನು ಹಣದ ಮಾತು. ಮಾಲೀಕರು ಪರದೇಶದಲ್ಲಿರುವ ದಿನಗಳೇ ವಂಚಕರಿಗೆ ಪ್ರಶಸ್ತ ಕಾಲ. ಊರಿನಲ್ಲಿರುವ ಲೆಕ್ಕಿಗರಿಗೆ ಮಾಲೀಕರ ಹೆಸರಿನಲ್ಲಿ, ಅಥವಾ ಸರಬರಾಜುದಾರರ ಹೆಸರಿನಲ್ಲಿ, ಒಂದಕ್ಷರ ಮಾತ್ರ ವ್ಯತ್ಯಾಸವಿರುವ ವಿಳಾಸದಿಂದ ಪತ್ರ ಬರುತ್ತದೆ: ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡವನ್ನು ಹೊಸ ಖಾತೆಗೆ ಇಂದೇ ರವಾನಿಸಿ, ನಾನು ಸಭೆಯಲ್ಲಿದ್ದೇನೆ, ಕರೆ ಮಾಡಬೇಡಿ. ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಬಂದ ದೂರುಗಳ ಪ್ರಕಾರ ಇಂತಹ ವ್ಯವಹಾರಿಕ ಇ-ಮೇಲ್ ವಂಚನೆಯಿಂದಾದ ನಷ್ಟ ಸುಮಾರು 290 ಕೋಟಿ ಡಾಲರ್. ನಮ್ಮಲ್ಲಿ ತೊಂದರೆ ಇಮ್ಮಡಿ. ಹಣ ಹೋದದ್ದಲ್ಲದೆ, ಆಮದಿಗಾಗಿ ಹೊರಹೋದ ವಿದೇಶಿ ವಿನಿಮಯಕ್ಕೆ ಸರಿಹೊಂದುವ ಬಿಲ್ ಆಫ್ ಎಂಟ್ರಿ ಎಲ್ಲಿ ಎಂದು ಬ್ಯಾಂಕು ಕೇಳುತ್ತದೆ. ಬಾರದ ಸರಕಿಗೆ ಆ ದಾಖಲೆ ಹುಟ್ಟುವುದಿಲ್ಲ. ಮೋಸವಾದುದು ತಿಳಿದ ಕ್ಷಣವೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ಆದರೆ ಅದಕ್ಕಿಂತ ಮೊದಲು, ಖಾತೆ ಬದಲಾವಣೆಯ ಯಾವ ಸೂಚನೆಯನ್ನೂ ಇ-ಮೇಲ್ ಒಂದನ್ನೇ ನಂಬಿ ಪಾಲಿಸಬಾರದು, ಹಿಂದಿನಿಂದ ತಿಳಿದಿರುವ ಸಂಖ್ಯೆಗೆ ದೂರವಾಣಿ ಮಾಡಿ ಧ್ವನಿ ಕೇಳಿಯೇ ಪಾವತಿಸಬೇಕು ಎಂದು ಮಾಲೀಕರು ಲಿಖಿತವಾಗಿ ಆದೇಶಿಸಿ ಹೊರಡಬೇಕು. ಆ ಆದೇಶ ಮಾಲೀಕರ ಸ್ವಂತ ಪತ್ರಕ್ಕೂ ಅನ್ವಯಿಸಬೇಕು. ‘ನಾನೇ ಹೇಳಿದರೂ ಕೇಳಬೇಡ’ ಎಂದು ನೌಕರನಿಗೆ ಹೇಳುವುದು ನಮ್ಮ ಮನೆತನದ ಸಂಸ್ಥೆಗಳಲ್ಲಿ ರೂಢಿಯಿಲ್ಲದ ಮಾತು. ರೂಢಿಯಾಗಬೇಕು.

ದರದ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕಾಗಿದೆ. ಇನ್‌ವಾಯ್ಸ್‌ಗೆ ಒಂದು ಬೆಲೆ, ಇ-ಮೇಲ್‌ನಲ್ಲಿ ಇನ್ನೊಂದು ಬೆಲೆ ಕುದುರಿಸಿ ಬರುವವರು ಸುಂಕ ಅಧಿನಿಯಮದ 138ಸಿ ಕಲಮನ್ನು ನೆನಪಿಡಲಿ. ಕಂಪ್ಯೂಟರಿನ ಮುದ್ರಿತ ಪ್ರತಿಗಳೂ ಅಲ್ಲಿ ಷರತ್ತುಬದ್ಧವಾಗಿ ಸಾಕ್ಷ್ಯವಾಗುತ್ತವೆ. ಅಂಥವರ ಪರವಾಗಿ ನಾನು ಇಲ್ಲಿ ಬರೆಯುತ್ತಿಲ್ಲ.

ಕೊನೆಯದಾಗಿ ಪತ್ರಗಳ ಸಂರಕ್ಷಣೆ. ನ್ಯಾಯಾಲಯದಲ್ಲಿ ಇ-ಮೇಲ್ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಪಕ್ಷಗಾರನೂ ಇನ್ನೊಂದಕ್ಕೆ ತಜ್ಞನೂ ಸಹಿ ಹಾಕಬೇಕು. ದಾಖಲೆಯ ಹ್ಯಾಶ್ ಸಂಖ್ಯೆಯನ್ನೂ ಕಾಣಿಸಬೇಕು. ಹಿಂದಿನ ಸಾಕ್ಷ್ಯ ಕಾಯಿದೆಯಡಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ, ಮೂಲ ಲ್ಯಾಪ್‌ಟಾಪನ್ನೇ ಅದರ ಮಾಲೀಕನು ಸಾಕ್ಷಿಕಟ್ಟೆಗೆ ತಂದು ತೋರಿಸಿದರೆ ಪ್ರಮಾಣಪತ್ರದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತ್ತು. ಹೇಗಿದ್ದರೂ ಪತ್ರ ಮೊದಲು ಉಳಿದಿರಬೇಕು. ಪ್ರವಾಸದಲ್ಲಿ ಬರೆದ ಪ್ರತಿಯೊಂದು ಪತ್ರದ ನಕಲು ಕಚೇರಿಯ ಒಂದು ವಿಳಾಸಕ್ಕೂ ಹೋಗುವಂತೆ ಮಾಡಿದರೆ, ಲ್ಯಾಪ್‌ಟಾಪ್ ಕಳೆದರೂ ಪತ್ರ ಕಳೆಯುವುದಿಲ್ಲ. ಹಿಂತಿರುಗಿದ ವಾರದಲ್ಲಿಯೇ ಆ ಪತ್ರಗಳನ್ನು ಆದೇಶವಾರು ವಿಂಗಡಿಸಿ ಇನ್‌ವಾಯ್ಸ್‌ಗಳೊಂದಿಗೆ ಇರಿಸಿದರೆ, ವರ್ಷಾಂತ್ಯದಲ್ಲಿ ನಿಮ್ಮ ಲೆಕ್ಕಪರಿಶೋಧಕರು ವಿದೇಶ ಪ್ರವಾಸದ ವೆಚ್ಚಕ್ಕೆ ವ್ಯವಹಾರದ ಆಧಾರವೇನೆಂದು ಕೇಳುವಾಗಲೂ ಅದೇ ಕಡತವನ್ನು ಮುಂದಿಡಬಹುದು.