ಇಡ್ಲಿ ಹಾಳೆಗೆ ನಿಷೇಧ, ಸಾಂಬಾರ್ ಕವರಿಗೆ ಮಾಫಿ

2025ರ ಫೆಬ್ರವರಿ ಕೊನೆಯಲ್ಲಿ ರಾಜ್ಯ ಸರ್ಕಾರ ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಬಳಸಬಾರದೆಂದು ಹೇಳಿತು. ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ ಐವತ್ತಕ್ಕೂ ಹೆಚ್ಚು ಕಡೆ, ಬಿಳಿ ಬಟ್ಟೆ ಇರಬೇಕಾದ ಜಾಗದಲ್ಲಿ ಹಾಳೆ ಸಿಕ್ಕಿತ್ತು. ನಿಷೇಧ ಸರಿ. ಬಡ ಹೋಟೆಲಿನವರ ಹೊಟ್ಟೆ ಮೇಲೆ ಹೊಡೆದರು ಎನ್ನುವವರ ಜೊತೆ ನಾನಿಲ್ಲ. ಒಂದು ಗಜ ಮಲ್ ಬಟ್ಟೆಗೆ ಯಾರೂ ದಿವಾಳಿಯಾಗುವುದಿಲ್ಲ. ನನ್ನ ಸಿಟ್ಟಿರುವುದು ಆ ಆದೇಶ ಇಡ್ಲಿ ಪಾತ್ರೆ ದಾಟಿ ಹೊರಗೆ ಬರಲಿಲ್ಲವೆಂದು.

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಊರು. ಇಂಥ ಊರಿನ ಹೋಟೆಲುಗಳಲ್ಲಿ ಪಾರ್ಸಲ್ ವ್ಯಾಪಾರವೇ ದೊಡ್ಡದು. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಹೊಯ್ದು, ಬಾಯಿಗೆ ದಾರ ಸುತ್ತಿ ಕೊಡುತ್ತಾರೆ. ಅದು ಮನೆ ಸೇರುವವರೆಗೂ, ಕೆಲವೊಮ್ಮೆ ಮಧ್ಯಾಹ್ನದವರೆಗೂ, ಅದರೊಳಗೇ ಇರುತ್ತದೆ.

ಇಡ್ಲಿ ಹಾಳೆಯ ಚರ್ಚೆಯಲ್ಲಿ ಎಲ್ಲರ ಬಾಯಲ್ಲೂ ಬಂದದ್ದು ಕ್ಯಾನ್ಸರ್. ಹೆದರಿಸಿದರು, ತಿಳಿಸಲಿಲ್ಲ. ಪಾಲಿಥಿನ್ ಎಂದರೆ ಎಥಿಲೀನಿನ ಅಣುಗಳು ಸಾವಿರಗಟ್ಟಲೆ ಕೈಹಿಡಿದು ನಿಂತ ಉದ್ದನೆಯ ಸರಪಳಿ. ತೆಳು ಕವರಿನ ಸಾಮಾನ್ಯ ಪಾಲಿಥಿನ್ ಕರಗಲು ನೂರೈದು ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಹಾಗಾಗಿ ಪ್ಲಾಸ್ಟಿಕ್ಕೇ ಕರಗಿ ಹೊಟ್ಟೆ ಸೇರುತ್ತದೆ ಎನ್ನುವುದು ತಪ್ಪು. ಸೇರುವುದು ಆ ಸರಪಳಿಗೆ ಅಂಟಿಕೊಳ್ಳದ ಸಣ್ಣ ಅಣುಗಳು: ತಯಾರಿಕೆಯಲ್ಲಿ ಬೆರೆಸಿದ ರಾಸಾಯನಿಕಗಳು, ಬಣ್ಣ, ಮೇಲಿನ ಶಾಯಿ. ಇವುಗಳಲ್ಲಿ ಬಹಳಷ್ಟಕ್ಕೆ ನೀರಿಗಿಂತ ಎಣ್ಣೆ ಇಷ್ಟ; ಬಿಸಿ ಹೆಚ್ಚಾದಷ್ಟೂ ಬೇಗ ಹೊರಡುತ್ತವೆ. ಸಾಂಬಾರಿನಲ್ಲಿ ಬಿಸಿಯಿದೆ, ಹುಣಸೆ ಹುಳಿಯಿದೆ, ಒಗ್ಗರಣೆಯ ಎಣ್ಣೆಯಿದೆ. ಹಬೆಯಲ್ಲಿ ಹತ್ತು-ಹದಿನೈದು ನಿಮಿಷ ಬೇಯುವ ಇಡ್ಲಿಗೆ ಕಾನೂನು ಬಂತು, ಈ ಮೂರನ್ನೂ ಹೊತ್ತ ಸಾಂಬಾರಿಗೆ ಬರಲಿಲ್ಲ.

ನಂಬದವರು ಮನೆಯ ಪ್ಲಾಸ್ಟಿಕ್ ಟಿಫನ್ ಡಬ್ಬಿ ನೋಡಲಿ. ಸಾಂಬಾರ್ ಹಾಕಿದ ಮೇಲೆ ಹಳದಿ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅರಿಶಿನದ ಕರ್ಕ್ಯುಮಿನ್ ಎಣ್ಣೆಯ ಜೊತೆ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದಿರುತ್ತದೆ. ಊಟದಿಂದ ಡಬ್ಬಿಯೊಳಕ್ಕೆ ಅಣು ನುಗ್ಗಬಹುದಾದರೆ, ಡಬ್ಬಿಯಿಂದ ಊಟಕ್ಕೂ ಬರಬಹುದು. ಅರಿಶಿನ ಬೆಳೆಯುವ ಚಾಮರಾಜನಗರದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಬಿಸಿ ಎಣ್ಣೆಗೆ ಅರಿಶಿನ ಕದಡಿ ಒಂದು ಸ್ಟೀಲ್ ಲೋಟಕ್ಕೆ, ಒಂದು ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ಮಾರನೆಯ ದಿನ ತೊಳೆದು ನೋಡಿದರಾಯಿತು.

ಆದರೆ ಎನ್‌ಸಿಇಆರ್‌ಟಿ 2022ರಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಎಂಟನೇ ತರಗತಿ ವಿಜ್ಞಾನದಿಂದ ಕೈಬಿಟ್ಟ ಪಾಠಗಳಲ್ಲಿ ಸಂಶ್ಲೇಷಿತ ಎಳೆಗಳು ಮತ್ತು ಪ್ಲಾಸ್ಟಿಕ್ಕಿನ ಪಾಠವೂ ಒಂದು. ಯಾವ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಮಕ್ಕಳಿಗೆ ಕಲಿಸುತ್ತಿದ್ದ ಪುಟಗಳವು. ಪ್ಲಾಸ್ಟಿಕ್ಕಿನಲ್ಲೇ ಬದುಕುವ ಮಕ್ಕಳಿಗೆ ಅದೇ ಹೊರೆ ಎಂದು ತೀರ್ಮಾನಿಸಿದ್ದು ದೊಡ್ಡ ಅನ್ಯಾಯ.

ಪ್ಲಾಸ್ಟಿಕ್ ಹಿಡಿಯಲು ದಾಳಿ ಮಾಡುವ ಅಧಿಕಾರಿಗಳೂ ಕವರಿನ ದಪ್ಪದ ಮೈಕ್ರಾನ್ ಲೆಕ್ಕ ಬಿಟ್ಟು ಮಾತಾಡುವುದಿಲ್ಲ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಕೇಂದ್ರದ ನಿಯಮ 2022ರ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದದ್ದನ್ನು ಒಪ್ಪುವುದಿಲ್ಲ. ಎರಡೂ ಕಸದ ಚಿಂತೆಯಿಂದ ಹುಟ್ಟಿದ ಕಾನೂನುಗಳು. ಬಂಡೀಪುರದ ಅಂಚಿನ ತಾಲ್ಲೂಕಿಗೆ ಆ ಚಿಂತೆ ಬೇಕೇಬೇಕು. ಆದರೆ ದಪ್ಪ ಕವರು ಊಟಕ್ಕೆ ಯೋಗ್ಯ ಎಂದು ಅದರಿಂದ ಸಾಬೀತಾಗುವುದಿಲ್ಲ. ಅದನ್ನು ಹೇಳುವ ಪರೀಕ್ಷೆ ಬೇರೆಯೇ ಇದೆ, ಐಎಸ್ 9845. ಪ್ಲಾಸ್ಟಿಕ್ಕನ್ನು ನೀರಿನಲ್ಲಿ, ಶೇ 3ರ ಅಸಿಟಿಕ್ ಆಮ್ಲದಲ್ಲಿ, ಜಿಡ್ಡಿನ ಬದಲಿಗೆ ಹೆಪ್ಟೇನಿನಲ್ಲಿ ಇಟ್ಟು, ಎಷ್ಟು ಹೊರಬಂತೆಂದು ಅಳೆಯುತ್ತಾರೆ. ಕೆಜಿಗೆ 60 ಮಿಲಿಗ್ರಾಂ ಮಿತಿ. ಮರುಬಳಕೆ ಪ್ಲಾಸ್ಟಿಕ್ಕಿನ ಚೀಲದಲ್ಲಿ ಆಹಾರ ಕಟ್ಟಬಾರದೆಂದು 2018ರ ಪ್ಯಾಕೇಜಿಂಗ್ ನಿಯಮಗಳೇ ಹೇಳಿದ್ದವು.

ಆದ್ದರಿಂದ ದಂಡದ ಚೀಟಿ ಮೊದಲು ಹೋಗಬೇಕಾದದ್ದು ಇಡ್ಲಿ ಮಾರುವವರ ಮನೆಗಲ್ಲ, ಕಿಲೋ ಲೆಕ್ಕದಲ್ಲಿ ಕವರ್ ಮಾರುವ ಸಗಟು ಅಂಗಡಿಗೆ. ಜಿಲ್ಲೆಯಲ್ಲಿ ಮಾರಾಟವಾಗುವ ಕವರುಗಳನ್ನು ಆಹಾರ ಸುರಕ್ಷತಾ ಇಲಾಖೆ ಈ ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಕನ್ನಡದಲ್ಲಿ, ಅಂಗಡಿಯ ಹೆಸರಿನ ಸಮೇತ ಪ್ರಕಟಿಸಲಿ. ಅಲ್ಲಿಯವರೆಗೆ ಸಾಂಬಾರ್ ಬೇಕಾದವರು ಮನೆಯಿಂದ ಸ್ಟೀಲ್ ಡಬ್ಬಿ ತರಲಿ. ತಂದವರಿಗೆ ಹೋಟೆಲಿನವರು ಕವರಿನ ಕಾಸು ಬಿಟ್ಟುಕೊಡಲಿ.